ತೊಗರಿ ಕಟ್ಟಿಗೆಯಿಂದ ವಿದ್ಯುತ್: ಲೆಕ್ಕ ಹಾಕಿ ನೋಡೋಣ

ಕಲಬುರಗಿ ಸೀಮೆಯಲ್ಲಿ ತೊಗರಿ ರಾಶಿ ಮುಗಿದ ಮೇಲೆ ಹೊಲದ ಬದುಗಳಲ್ಲಿ ಕಟ್ಟಿಗೆಯ ಬಣವೆಗಳು ಏಳುತ್ತವೆ. ಕೃಷಿ ತ್ಯಾಜ್ಯದಿಂದ ವಿದ್ಯುತ್ ಎಂಬ ಪಾಠವನ್ನು ಓದುವಾಗ ಆ ಬಣವೆಯನ್ನೇ ಕಣ್ಣ ಮುಂದೆ ಇಟ್ಟುಕೊಂಡರೆ ವಿಷಯ ಬೇಗ ತಿಳಿಯುತ್ತದೆ.

ಚೆನ್ನಾಗಿ ಒಣಗಿದ ಒಂದು ಕಿಲೋ ಕಟ್ಟಿಗೆ ಉರಿದರೆ ಸುಮಾರು 16 ಮೆಗಾಜೂಲ್ ಶಾಖ ಹೊರಬರುತ್ತದೆ. ಒಂದು ಯೂನಿಟ್ ವಿದ್ಯುತ್ತು 3.6 ಮೆಗಾಜೂಲಿಗೆ ಸಮವಾದ್ದರಿಂದ ಆ ಶಾಖ 4.4 ಯೂನಿಟ್ಟಿನಷ್ಟಾಯಿತು, ಆದರೆ ಬಾಯ್ಲರ್, ಟರ್ಬೈನ್‌ಗಳನ್ನು ದಾಟಿ ಬರುವಾಗ ಚಿಕ್ಕ ಸ್ಥಾವರದಲ್ಲಿ ಅದರ ಐದನೇ ಒಂದು ಪಾಲು, ಅಂದರೆ 0.9 ಯೂನಿಟ್ ಮಾತ್ರ ಉಳಿಯುತ್ತದೆ. ಒಂದು ಮೆಗಾವ್ಯಾಟ್ ಸ್ಥಾವರ ದಿನವಿಡೀ ನಡೆದು 24,000 ಯೂನಿಟ್ ಕೊಡಬೇಕಾದರೆ ದಿನಕ್ಕೆ 27 ಟನ್, 300 ದಿನಗಳಿಗೆ ಸುಮಾರು 8,000 ಟನ್ ಕಟ್ಟಿಗೆ ಬೇಕು. ಹೊಲದಿಂದ ಅದು ಸಿಗುವುದಾದರೋ ಡಿಸೆಂಬರ್-ಜನವರಿಯ ಸುತ್ತಮುತ್ತ ಮಾತ್ರ. ಉಳಿದ ತಿಂಗಳುಗಳಿಗೆ ಕೂಡಿಡಬೇಕು, ಮಳೆಗಾಲದಲ್ಲಿ ನೆನೆಯದಂತೆ ಕಾಯಬೇಕು. ನೆನೆದ ಕಟ್ಟಿಗೆಯ ಶಾಖದಲ್ಲಿ ಒಂದಷ್ಟು ಅದರ ನೀರನ್ನು ಆವಿಯಾಗಿಸುವುದಕ್ಕೇ ಖರ್ಚಾಗುತ್ತದೆ. ಹಗುರಾದ ಈ ಕಟ್ಟಿಗೆ ಟ್ರಾಲಿಯನ್ನು ಬೇಗ ತುಂಬಿದರೂ ತೂಕ ಏರದು, ಆದ್ದರಿಂದ ದೂರ ಹೆಚ್ಚಿದಂತೆ ಸಾಗಣೆಯ ವೆಚ್ಚವೇ ಲಾಭವನ್ನು ನುಂಗುತ್ತದೆ. ನನ್ನ ದೃಷ್ಟಿಯಲ್ಲಿ ಪಾಠದ ತಿರುಳು ಇದೇ.

ಬೀದರಿನ ಕಬ್ಬಿನ ಸಿಪ್ಪೆಗೆ ಈ ತೊಡಕಿಲ್ಲ. ಕಬ್ಬು ಹೇಗೂ ಕಾರ್ಖಾನೆಗೆ ಬರುತ್ತದೆ. ಅರೆದ ಮೇಲೆ ತೂಕದ ಸುಮಾರು ಶೇ. 30ರಷ್ಟು ಸಿಪ್ಪೆ ಅಲ್ಲಿಯೇ ಉಳಿಯುತ್ತದೆ. ಅರ್ಧದಷ್ಟು ತೇವವಿದ್ದರೂ ಅದನ್ನು ಉರಿಸಿ, ಒಂದೇ ಉಗಿಯಿಂದ ಟರ್ಬೈನನ್ನೂ ತಿರುಗಿಸಿ ರಸವನ್ನೂ ಕುದಿಸಬಹುದು.

ನಾರಾಯಣಪುರ ಕಾಲುವೆಯ ನೀರುಣ್ಣುವ ಸುರಪುರ, ಶಹಾಪುರಗಳ ಭತ್ತದ ಹೊಟ್ಟೂ ಹೀಗೆಯೇ ಗಿರಣಿಯಲ್ಲಿ ಒಟ್ಟಾಗುತ್ತದೆ. ಇಂಥ ಹೊಟ್ಟನ್ನು ಗ್ಯಾಸಿಫೈಯರಿಗೆ ಹಾಕಿ 2007ರಲ್ಲಿ ಬಿಹಾರದ ತಮ್ಕುಹಾ ಗ್ರಾಮಕ್ಕೆ ಬೆಳಕು ಕೊಟ್ಟರು. ಗ್ಯಾಸಿಫೈಯರಿನಲ್ಲಿ ಗಾಳಿಯನ್ನು ಬೇಕೆಂದೇ ಕಡಿಮೆ ಬಿಡುವುದರಿಂದ ಹೊಟ್ಟು ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಕೂಡಿದ ಅನಿಲವಾಗುತ್ತದೆ. ಅದರೊಳಗಿನ ಟಾರನ್ನು ತೊಳೆದು ತೆಗೆಯದಿದ್ದರೆ, ಆ ಅನಿಲದಿಂದ ನಡೆದು ವಿದ್ಯುತ್ ಕೊಡುವ ಎಂಜಿನ್ ಕೆಡುತ್ತದೆ. ಇದನ್ನು ಗೋಬರ್ ಗ್ಯಾಸ್ ಎಂದು ತಿಳಿಯಬೇಡಿ. ಅಲ್ಲಿ ಕೆಲಸ ಮಾಡುವುದು ಬ್ಯಾಕ್ಟೀರಿಯಾ, ಗಿಡದ ಕಾಂಡಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ತುಂಬಿದ ತೊಗರಿ ಕಟ್ಟಿಗೆ ಅವಕ್ಕೆ ಜೀರ್ಣವಾಗದು.

ಇನ್ನೊಂದು ಮಾತು. ‘ತ್ಯಾಜ್ಯ’ ಎಂಬ ಪದವನ್ನು ನಾನು ಇಲ್ಲಿ ಅರೆಮನಸ್ಸಿನಿಂದಲೇ ಬಳಸಿದ್ದೇನೆ, ಏಕೆಂದರೆ ನಮ್ಮ ಹಳ್ಳಿಗಳಲ್ಲಿ ರೊಟ್ಟಿ ಬೇಯುವುದು ಎಷ್ಟೋ ಮನೆಗಳಲ್ಲಿ ಇದೇ ಕಟ್ಟಿಗೆಯ ಮೇಲೆ. ಸ್ಥಾವರದ ಲೆಕ್ಕ ಬರೆಯುವವರು ಒಲೆಯ ಪಾಲನ್ನು ಮೊದಲು ಕಳೆದು, ಉಳಿದದ್ದನ್ನಷ್ಟೇ ಇಂಧನವೆಂದು ಎಣಿಸಬೇಕು.