ಹಿಮನದಿ ಕರಗಿದರೆ ನೀರು ಜಾಸ್ತಿ ಆಗಬೇಕಲ್ವಾ?

ಆಗುತ್ತದೆ. ಮೊದಮೊದಲು ಜಾಸ್ತಿಯೇ ಆಗುತ್ತದೆ. ಅದಕ್ಕೇ ನನಗೆ ಹೆಚ್ಚು ಭಯ.

ಹಿಮನದಿ ಅಂದರೆ ಸುಮ್ನೆ ಬಿದ್ದ ಹಿಮದ ರಾಶಿ ಅಲ್ಲ. ಈ ವರ್ಷದ ಹಿಮ ಪೂರ್ತಿ ಕರಗುವ ಮೊದಲೇ ಮುಂದಿನ ವರ್ಷದ್ದು ಅದರ ಮೇಲೆ ಬೀಳುತ್ತದೆ. ಹತ್ತಾರು ವರ್ಷ ಹೀಗೇ ನಡೆದಾಗ ಮೇಲಿನ ಭಾರಕ್ಕೆ ಅಡಿಯ ಹಿಮ ಒತ್ತಿಕೊಂಡು, ಒಳಗಿನ ಗಾಳಿ ಹೊರಬಿದ್ದು, ನೀಲಿ ಛಾಯೆಯ ಗಟ್ಟಿ ಮಂಜುಗಡ್ಡೆ ಆಗುತ್ತದೆ. ಅದು ತನ್ನ ತೂಕಕ್ಕೆ ತಾನೇ ಇಳಿಜಾರಿನಲ್ಲಿ ನಿಧಾನಕ್ಕೆ ಜರುಗುತ್ತದೆ. ಮೇಲೆ ಸೇರುವುದು, ಕೆಳಗೆ ಕರಗುವುದು ಎರಡೂ ಸಮ ಇದ್ದರೆ ಅದರ ತುದಿ ಇದ್ದಲ್ಲೇ ಇರುತ್ತದೆ. ಹಿಮನದಿ ಹಿಂದೆ ಸರಿಯಿತು ಅಂತೀವಲ್ಲ, ಆಗಲೂ ಮಂಜುಗಡ್ಡೆ ಕೆಳಮುಖವಾಗಿಯೇ ಹರಿಯುತ್ತಿರುತ್ತದೆ. ಬಂದದ್ದಕ್ಕಿಂತ ಕರಗಿದ್ದು ಜಾಸ್ತಿ, ಅಷ್ಟೇ.

ಇದನ್ನು ಅಳೆಯುವ ಹಳೆಯ ವಿಧಾನ ಬಹಳ ಸರಳ. ಮಂಜುಗಡ್ಡೆಯಲ್ಲಿ ಆಳವಾಗಿ ಕೊರೆದು ಒಂದು ಕೋಲು ಇಳಿಸುತ್ತಾರೆ. ಹಿಮಾಚಲದ ಛೋಟಾ ಶಿಗ್ರಿಯಲ್ಲಿ ಬಿದಿರಿನ ಕೋಲು. ಬೇಸಿಗೆ ಮುಗಿದ ಮೇಲೆ ಹೋಗಿ ನೋಡಿದರೆ ಕೋಲು ಮೊದಲಿಗಿಂತ ಎಷ್ಟು ಹೆಚ್ಚು ಹೊರಗೆ ಕಾಣುತ್ತದೋ ಅಲ್ಲಿ ಅಷ್ಟು ಮಂಜುಗಡ್ಡೆ ಹೋಯಿತು ಅಂತ ಲೆಕ್ಕ. ಉಪಗ್ರಹದ ಚಿತ್ರಗಳಿಂದ ಇಡೀ ಜಗತ್ತಿನ ಲೆಕ್ಕವೂ ಸಿಕ್ಕಿದೆ. 2000ದಿಂದ 2019ರ ನಡುವೆ ಹಿಮನದಿಗಳು ವರ್ಷಕ್ಕೆ ಸರಾಸರಿ 26,700 ಕೋಟಿ ಟನ್ ಮಂಜುಗಡ್ಡೆ ಕಳೆದುಕೊಂಡಿವೆ.

ಬಿಸಿ ಏರಿದಂತೆ ಕರಗುವ ವೇಗ ಏರುತ್ತದೆ, ಹೊಳೆ ತುಂಬಿ ಬರುತ್ತದೆ. ಕೆಳಗಿನವರಿಗೆ ಒಳ್ಳೆಯ ಕಾಲ ಬಂತು ಅನ್ನಿಸುತ್ತದೆ. ಹೊಸ ಕಾಲುವೆ, ಹೊಸ ತೋಟ. ಆದರೆ ಬರುತ್ತಿರುವುದು ಇಡುಗಂಟು ಕರಗಿದ ನೀರು. ಹಿಮನದಿಯೇ ಚಿಕ್ಕದಾಗುತ್ತಾ ಹೋದ ಹಾಗೆ ಕರಗಲಿಕ್ಕೆ ಉಳಿಯುವುದೂ ಕಡಿಮೆ. ಒಂದು ವರ್ಷ ಹರಿವು ತುತ್ತತುದಿ ಮುಟ್ಟುತ್ತದೆ, ಅಲ್ಲಿಂದ ಇಳಿಮುಖ. ಹಿಮನದಿಯಿರುವ 56 ದೊಡ್ಡ ನದಿ ಕಣಿವೆಗಳ ಲೆಕ್ಕ ಹಾಕಿದ 2018ರ ಅಧ್ಯಯನವೊಂದರ ಪ್ರಕಾರ ಸುಮಾರು ಅರ್ಧದಷ್ಟು ಕಣಿವೆಗಳು ಆಗಲೇ ಈ ತುದಿ ದಾಟಿವೆ. ಪೆರುವಿನ ಸಾಂಟಾ ನದಿಯ ಹೆಚ್ಚಿನ ಉಪನದಿಗಳದ್ದೂ ಇದೇ ಕಥೆ. ಆ ನದಿಯ ನೀರನ್ನು ಕಾಲುವೆಯಲ್ಲಿ ಮರುಭೂಮಿಯಂಥ ಕರಾವಳಿಗೆ ಒಯ್ದು ದೊಡ್ಡ ದೊಡ್ಡ ತೋಟ ಮಾಡಿದ್ದಾರೆ.

ಹಾಗಂತ ಎಲ್ಲ ನದಿಯೂ ಬತ್ತಿಹೋಗುತ್ತದೆ ಅಂದರೆ ತಪ್ಪಾಗುತ್ತದೆ. ಗಂಗೆಗೆ ಬಯಲಿನಲ್ಲಿ ಮುಖ್ಯವಾಗಿ ಮಳೆಗಾಲದ್ದೇ ನೀರು. ಸಿಂಧೂ ನದಿ ಹಾಗಲ್ಲ, ಅದಕ್ಕೆ ಹಿಮ ಮತ್ತು ಹಿಮನದಿ ಕರಗಿದ ನೀರು ತುಂಬಾ ಬೇಕು. ವರ್ಷದ ಒಟ್ಟು ನೀರು ಹೆಚ್ಚು ಬದಲಾಗದ ಕಡೆಯೂ ನೀರು ಬರುವ ಹೊತ್ತು ಬದಲಾಗುತ್ತದೆ. ಮಳೆಯಿಲ್ಲದ, ಬಿಸಿಲು ಕಾಯುವ ತಿಂಗಳಲ್ಲೇ ನೀರು ಕೊಡುವುದು ಹಿಮನದಿಯ ದೊಡ್ಡ ಗುಣ. ಬರಗಾಲದಲ್ಲಂತೂ ಅದೇ ಆಸರೆ. ಕಳೆದುಹೋಗುತ್ತಿರುವುದು ಆ ಆಸರೆ.

ಲಡಾಖ್‌ನ ರೈತರಿಗೆ ನೀರು ಬರುವ ಹೊತ್ತಿನ ಬೆಲೆ ಚೆನ್ನಾಗಿ ಗೊತ್ತು. ಅಲ್ಲಿ ಬಿತ್ತನೆಗೆ ಏಪ್ರಿಲ್, ಮೇ ತಿಂಗಳಲ್ಲಿ ನೀರು ಬೇಕು. ಎತ್ತರದ ಹಿಮನದಿ ಕರಗಿ ಹಳ್ಳ ತುಂಬುವುದು ಅದಾದ ಮೇಲೆ. ಅದಕ್ಕೇ ಎಂಜಿನಿಯರ್ ಚೆವಾಂಗ್ ನೋರ್ಫೆಲ್ ಚಳಿಗಾಲದ ಹಳ್ಳದ ನೀರನ್ನು ನೆರಳಿನ ಕಡೆಗೆ ತಿರುಗಿಸಿ, ಅಡ್ಡಗಟ್ಟೆ ಕಟ್ಟಿ ಹೆಪ್ಪುಗಟ್ಟಿಸಿದರು. ಆಮೇಲೆ ಸೋನಮ್ ವಾಂಗ್‌ಚುಕ್ ಅದೇ ನೀರನ್ನು ಪೈಪಿನಲ್ಲಿ ತಂದು ಮೇಲಕ್ಕೆ ಚಿಮ್ಮಿಸಿ, ಗೋಪುರದಂತೆ ಹೆಪ್ಪುಗಟ್ಟಿಸಿದರು. ಅಗಲವಾಗಿ ಹರಡಿದ ಮಂಜುಗಡ್ಡೆಗಿಂತ ಗೋಪುರಕ್ಕೆ ಬಿಸಿಲು ತಾಗುವುದು ಕಡಿಮೆ, ಹಾಗಾಗಿ ಬಿತ್ತನೆಯವರೆಗೆ ಉಳಿಯುತ್ತದೆ. ನೋಡಿದರೆ ಕೈ ಮುಗಿಯಬೇಕು ಅನ್ನಿಸುವ ಕೆಲಸ. ಆದರೆ ಪೈಪಿಗೂ ನೀರು ಬರಬೇಕಾದ್ದು ಮೇಲಿನ ಹಳ್ಳದಿಂದಲೇ.