ನರಕೋಶಜನನ: ಹುಟ್ಟನ್ನಷ್ಟೇ ಹೇಳಿ ಉದುರುವುದನ್ನು ಮರೆಸುವ ಪದ

ದಿನಕ್ಕೆ ಹತ್ತು ಹೊಸ ಪದ ಕಲಿತರೆ ಮಿದುಳಿನಲ್ಲಿ ಹೊಸ ನರಕೋಶಗಳು ಹುಟ್ಟುತ್ತಲೇ ಇರುತ್ತವೆ ಎಂಬರ್ಥದ ಸಾಲನ್ನೂ, ಅದರ ಕೆಳಗೆ ದಪ್ಪಕ್ಷರದಲ್ಲಿ ‘ನರಕೋಶಜನನ’ ಎಂಬ ಪದವನ್ನೂ ಈ ತಿಂಗಳು ಜಾಹೀರಾತುಗಳಲ್ಲಿ ಮೂರನೆಯ ಬಾರಿ ಕಂಡ ಮೇಲೆ ಈ ಟಿಪ್ಪಣಿ ಅನಿವಾರ್ಯವಾಯಿತು. ಕಲಿತಾಗ ಮುಖ್ಯವಾಗಿ ನಡೆಯುವುದು ಇರುವ ಕೋಶಗಳ ನಡುವಿನ ಸಂಧಿಗಳು, ಅಂದರೆ ಸಿನಾಪ್ಸ್‌ಗಳು, ಗಟ್ಟಿಯಾಗುವ ಅಥವಾ ಸಡಿಲಗೊಳ್ಳುವ ಕೆಲಸ. ಅದಕ್ಕೆ ಮಿದುಳಿನ ನಮ್ಯತೆ ಎಂಬ ಬೇರೆಯೇ ಹೆಸರಿದೆ. ನರಕೋಶಜನನ, ಅಂದರೆ ಇಂಗ್ಲಿಷಿನ ‘ನ್ಯೂರೋಜೆನೆಸಿಸ್’, ಎಂದರೆ ಆಕರಕೋಶ (ಸ್ಟೆಮ್ ಸೆಲ್) ವಿಭಜನೆಗೊಂಡು ಹೊಸ ನರಕೋಶವೇ ಹುಟ್ಟುವುದು. ಹಳೆಯ ಮನೆಗಳ ನಡುವೆ ದಾರಿ ಮಾಡುವುದಕ್ಕೂ ಹೊಸ ಮನೆ ಕಟ್ಟುವುದಕ್ಕೂ ಇರುವಷ್ಟು ವ್ಯತ್ಯಾಸ ಇವೆರಡಕ್ಕೂ ಇದೆ.

ಪದವೇನೋ ಸೊಗಸಾಗಿದೆ. ಇಲ್ಲಿನ ‘ನರ’ ಮನುಷ್ಯನೆಂಬ ಅರ್ಥದ ಸಂಸ್ಕೃತ ಪದವಲ್ಲ. ತಮಿಳಿನ ನರಂಬು, ತೆಲುಗಿನ ನರಮುಗಳ ಒಡಹುಟ್ಟಾದ ದ್ರಾವಿಡ ಪದ. ಗ್ರೀಕಿನ ‘ನ್ಯೂರಾನ್’ ಕೂಡ ಮೊದಲು ಸ್ನಾಯುರಜ್ಜು, ಬಿಲ್ಲಿನ ಹೆದೆ ಎಂಬ ಅರ್ಥದಲ್ಲಿಯೇ ಇತ್ತು. ‘ಜನನ’ ಮತ್ತು ಗ್ರೀಕಿನ ‘ಜೆನೆಸಿಸ್’ ಒಂದೇ ಧಾತುವಿನಿಂದ ಬಂದವು. ಅನುವಾದ ಇಷ್ಟು ಚೆನ್ನಾಗಿ ಕೂಡಿಬಂದಿರುವಾಗ ಅದನ್ನು ಕಂಡಕಂಡಲ್ಲಿ ಅಂಟಿಸುವುದು ಬೇಸರದ ಸಂಗತಿ.

ಇದಕ್ಕಿಂತ ದೊಡ್ಡ ಗೊಂದಲ ಸಾವಿನ ಕಡೆಯದು. ಕೋಶ ಸಾಯುವ ಎರಡು ಬಗೆಗಳನ್ನು ಒಟ್ಟಿಗೆ ‘ಕೋಶನಾಶ’ ಎಂದು ಬರೆದು ಮುಗಿಸುವವರು ಹಲವರು. ಪೆಟ್ಟು ಬಿದ್ದೋ ರಕ್ತ ನಿಂತೋ ಕೋಶ ಊದಿ, ಒಡೆದು, ಸುತ್ತ ಉರಿಯೂತ ಎಬ್ಬಿಸಿ ಸಾಯುವುದು ನೆಕ್ರೋಸಿಸ್. ಇದಕ್ಕೆ ನಾಶವೆಂಬ ಪದ ಸಲ್ಲುತ್ತದೆ, ಎರಡು ಪದಗಳಿಗೂ ಧಾತುವಿನ ನಂಟೂ ಇದೆ. ಇನ್ನೊಂದು ಬಗೆಯಲ್ಲಿ ಕೋಶ ತನ್ನೊಳಗಿನ ಕ್ರಮದಂತೆ ಕುಗ್ಗಿ, ಪೊರೆ ಸುತ್ತಿದ ಚೂರುಗಳಾಗಿ, ನೆರೆಯ ಕೋಶಗಳಿಗೆ ಆಹಾರವಾಗಿ ಸದ್ದಿಲ್ಲದೆ ಇಲ್ಲವಾಗುತ್ತದೆ. 1972ರಲ್ಲಿ ಕೆರ್, ವೈಲಿ ಮತ್ತು ಕರಿ ಇದಕ್ಕೆ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಪದ ಸೂಚಿಸಿದವರು ಅಬರ್ಡೀನಿನ ಗ್ರೀಕ್ ಪ್ರಾಧ್ಯಾಪಕ ಜೇಮ್ಸ್ ಕಾರ್ಮ್ಯಾಕ್. ಮರದಿಂದ ಎಲೆ, ಹೂವಿನಿಂದ ಎಸಳು ಕಳಚಿ ಬೀಳುವುದು ಅದರ ಅರ್ಥ. ‘ಅಪೊ’ ನಮ್ಮ ‘ಅಪ’ ಉಪಸರ್ಗಕ್ಕೂ ‘ಪ್ಟೋಸಿಸ್’ ನಮ್ಮ ‘ಪತನ’ಕ್ಕೂ ಬಂಧು. ಆದರೂ ನನ್ನ ಮಟ್ಟಿಗೆ ‘ಉದುರುವಿಕೆ’ಯೇ ಸರಿಯಾದ ಕನ್ನಡ. ಹಣ್ಣೆಲೆ ಉದುರಿದ್ದನ್ನು ಮರದ ನಾಶವೆಂದು ಯಾರೂ ಹೇಳುವುದಿಲ್ಲ.

ಭ್ರೂಣದ ನರಮಂಡಲದಲ್ಲಿ ಅಗತ್ಯಕ್ಕಿಂತ ಹೆಚ್ಚು ನರಕೋಶಗಳು ಹುಟ್ಟುತ್ತವೆ; ಹಲವು ಗುಂಪುಗಳಲ್ಲಿ ಅರ್ಧದಷ್ಟು ಉದುರಿಹೋಗುತ್ತವೆ. ವಯಸ್ಕ ಮಿದುಳಿನಲ್ಲಿ ಹುಟ್ಟು ನಿಂತೇ ಹೋಗಿರುತ್ತದೆ ಎಂಬ ನಂಬಿಕೆಯನ್ನು 1960ರ ದಶಕದಲ್ಲಿ ಜೋಸೆಫ್ ಆಲ್ಟ್‌ಮನ್ ಪ್ರಶ್ನಿಸಿದರು. 1965ರಲ್ಲಿ ಅವರೂ ಗೋಪಾಲ್ ದಾಸ್ ಅವರೂ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ, ಅಂದರೆ ನೆನಪಿಗೆ ಮುಖ್ಯವಾದ ಮಿದುಳಿನ ಭಾಗದಲ್ಲಿ, ಹೊಸ ಕೋಶಗಳನ್ನು ತೋರಿಸಿದರು. ಮನುಷ್ಯರ ವಿಷಯ ಇನ್ನೂ ಜಗಳದಲ್ಲಿದೆ. 2013ರ ಒಂದು ಅಧ್ಯಯನವು, ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ ಇಂಗಾಲ-14ರ ಆಧಾರದ ಮೇಲೆ ಕೋಶಗಳ ವಯಸ್ಸನ್ನು ಲೆಕ್ಕ ಹಾಕಿ, ಒಂದೊಂದು ಹಿಪೊಕ್ಯಾಂಪಸ್‌ನಲ್ಲಿ ದಿನಕ್ಕೆ ಸುಮಾರು 700 ಹೊಸ ನರಕೋಶಗಳೆಂದು ಅಂದಾಜಿಸಿತು. 2018ರಲ್ಲಿ ಒಂದು ತಂಡ ವಯಸ್ಕರಲ್ಲಿ ಒಂದೂ ಕಾಣಲಿಲ್ಲವೆಂದರೆ, ಕೆಲವೇ ವಾರಗಳಲ್ಲಿ ಇನ್ನೊಂದು ತಂಡ ಮುಪ್ಪಿನವರೆಗೂ ಇವೆ ಎಂದಿತು. 700 ಎಂಬುದೇ ನಿಜವೆಂದುಕೊಂಡರೂ, ಇಡೀ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳ ಎದುರು ಅದು ಎಷ್ಟೆಂದು ಜಾಹೀರಾತು ಬರೆಯುವವರು ಲೆಕ್ಕ ಹಾಕಬಹುದು.

ಸಂಖ್ಯೆ ಸಣ್ಣದಾದರೂ ಕೆಲಸ ಸಣ್ಣದಲ್ಲ. ಇಲಿಗಳಲ್ಲಿ ಕಂಡಂತೆ, ಹಿಪೊಕ್ಯಾಂಪಸ್‌ನ ಡೆಂಟೇಟ್ ಗೈರಸ್ ಎಂಬ ಮಡಿಕೆಯಲ್ಲಿ ಹುಟ್ಟಿದ ಕೋಶ ಕೆಲವು ವಾರಗಳಲ್ಲಿ ಎಳೆ ಚಾಚಿ ಜಾಲಕ್ಕೆ ಸೇರಿಕೊಳ್ಳುತ್ತದೆ, ಆ ಚಿಕ್ಕ ವಯಸ್ಸಿನಲ್ಲಿ ಹಿರಿಯ ಕೋಶಗಳಿಗಿಂತ ಬೇಗ ಪ್ರಚೋದನೆಗೊಳ್ಳುತ್ತದೆ. ಒಂದನ್ನೊಂದು ಹೋಲುವ ಅನುಭವಗಳನ್ನು, ಉದಾಹರಣೆಗೆ ನಿನ್ನೆ ಬೈಕು ನಿಲ್ಲಿಸಿದ ಜಾಗವನ್ನೂ ಇಂದಿನದನ್ನೂ, ಬೇರೆಬೇರೆಯಾಗಿ ಇಡಲು ಇಂಥ ಕೋಶಗಳು ನೆರವಾಗುತ್ತವೆ ಎಂಬುದಕ್ಕೆ ಪ್ರಾಣಿಪ್ರಯೋಗಗಳ ಬೆಂಬಲವಿದೆ. ಹೀಗೆ ಹುಟ್ಟಿದವುಗಳಲ್ಲಿ ಬಹುಪಾಲು ಉದುರುತ್ತವೆ. ಕಲಿಕೆಯ ಕೆಲಸ ಬಿದ್ದಾಗ ಹೆಚ್ಚು ಕೋಶಗಳು ಉಳಿಯುತ್ತವೆ.

ಇಲ್ಲಿಯೇ ‘ನಾಶ’ವೆಂಬ ಪದ ಪೂರ್ತಿ ಸೋಲುವುದು. ಕಲಕಿದ ನೀರಿನೊಳಗೆ ಮುಳುಗಿಸಿಟ್ಟ ಮಣೆಯನ್ನು ಇಲಿಗಳು ಈಜಿ ಹುಡುಕುವ ಪ್ರಯೋಗದಲ್ಲಿ, 2007ರಲ್ಲಿ ಪ್ರಕಟವಾದ ವರದಿಯಂತೆ, ಕಲಿಕೆಯು ತುಸು ಬೆಳೆದ ಕೋಶಗಳನ್ನು ಉಳಿಸಿ ಅವಕ್ಕಿಂತ ಎಳೆಯವನ್ನು ಉದುರಿಸುತ್ತಿತ್ತು. ಔಷಧ ಕೊಟ್ಟು ಈ ಉದುರುವಿಕೆಯನ್ನು ತಡೆದಾಗ ಇಲಿಗಳ ಕಲಿಕೆಯೇ ಕೆಟ್ಟಿತು. ಆಲ್ಜೈಮರ್ ಕಾಯಿಲೆಯಲ್ಲಿ ಹಿಪೊಕ್ಯಾಂಪಸ್‌ನ ಬಲಿತ ನರಕೋಶಗಳು ಸಾಯುವುದು ಬೇರೆಯದೇ ಕಥೆ. ಅಲ್ಲಿ ಹೋಗುವುದು ಕೆಲಸದಲ್ಲಿದ್ದ ಕೋಶ, ಅದರೊಂದಿಗೆ ನೆನಪು.

ಇನ್ನು ಹುಟ್ಟು ಹೆಚ್ಚಿದಷ್ಟೂ ನೆನಪು ಹೆಚ್ಚುತ್ತದೆ ಎಂಬ ಮಾತು. 2014ರ ಪ್ರಯೋಗವೊಂದರಲ್ಲಿ, ಇಲಿಗಳು ಪಾಠ ಕಲಿತ ಮೇಲೆ ಅವುಗಳಲ್ಲಿ ನರಕೋಶಜನನವನ್ನು ಹೆಚ್ಚಿಸಿದಾಗ ಅವು ಆ ಪಾಠವನ್ನು ಮರೆತವು. ಹೊಸ ಕೋಶಗಳು ಜಾಲಕ್ಕೆ ನುಗ್ಗಿ ಹಳೆಯ ಸಂಪರ್ಕಗಳನ್ನು ಕದಲಿಸುತ್ತವೆ ಎಂಬುದು ಸಂಶೋಧಕರ ವಿವರಣೆ. ಇಲಿಮರಿಗಳಲ್ಲಿ ಹುಟ್ಟನ್ನು ತಗ್ಗಿಸಿದಾಗ ನೆನಪು ಹೆಚ್ಚು ಕಾಲ ಉಳಿಯಿತು. ಇಂಥ ಕೋಶಗಳು ಬಹುಪಾಲು ತಾಯಿಯ ಹೊಟ್ಟೆಯಲ್ಲಿಯೇ ಹುಟ್ಟಿ ಮುಗಿಯುವ ಗಿನಿಪಿಗ್‌ನ ಮರಿಗಳಂತೂ, ಇಲಿಮರಿಗಳ ಹಾಗೆ ಕಲಿತದ್ದನ್ನು ಬೇಗ ಮರೆಯುವುದೇ ಇಲ್ಲ.