ಗ್ಯಾಜೆಟ್‌ಗೆ ಮಾತ್ರ ಗೊತ್ತಿಲ್ಲ!

ಪ್ರಶ್ನೆ: ‘ಇನ್‌ಸ್ಪೆಕ್ಟರ್ ಗ್ಯಾಜೆಟ್’ ಕಾರ್ಟೂನಿನಲ್ಲಿ ಪ್ರತಿ ಕಂತಿನದೂ ಒಂದೇ ಕಥೆ. ಮೈತುಂಬ ಯಂತ್ರ ಸಾಧನಗಳಿರೋ ಪತ್ತೇದಾರ ಗ್ಯಾಜೆಟ್ ಎಡವಟ್ಟು ಮಾಡ್ತಾನೆ, ಹುಡುಗಿ ಮತ್ತು ನಾಯಿ ಸೇರಿ ಕೇಸು ಬಿಡಿಸ್ತಾರೆ, ಹೆಸರು ಅವನಿಗೆ. ಮುಂದೇನು ಅಂತ ಮೊದಲೇ ಗೊತ್ತಿದ್ದರೂ ನಗು ಬರುತ್ತಲ್ಲ, ಯಾಕೆ?

ಉತ್ತರ: ಗೊತ್ತಿರುವುದರಿಂದಲೇ. ಮಾಮೂಲಿ ಪತ್ತೇದಾರಿ ಕಥೆಯಲ್ಲಿ ಪತ್ತೇದಾರ ನಮಗಿಂತ ನಾಲ್ಕು ಹೆಜ್ಜೆ ಮುಂದಿರುತ್ತಾನೆ, ನಾವು ಕೊನೆಯ ಪುಟದವರೆಗೂ ಪೆದ್ದರಂತೆ ಹಿಂದೆ ಓಡಬೇಕು. ಇಲ್ಲಿ ಲೆಕ್ಕ ತಿರುವುಮುರುವು. ಕೇಡಿ ಯಾರೆಂದು ನಮಗೆ ಗೊತ್ತು, ಪುಟ್ಟ ಹುಡುಗಿ ಪೆನ್ನಿಗೆ ಗೊತ್ತು, ಅವಳ ನಾಯಿ ಬ್ರೈನ್‌ಗೂ ಗೊತ್ತು. ಗೊತ್ತಿಲ್ಲದವನು ಕೇಸು ವಹಿಸಿಕೊಂಡವನೊಬ್ಬನೇ.

ಶುರುವಿನ ದೃಶ್ಯ ನೆನಪಿಸಿಕೊಳ್ಳಿ. ಗ್ಯಾಜೆಟ್‌ನ ಮೇಲಧಿಕಾರಿ ಚೀಫ್ ಕ್ವಿಂಬಿ ಎಲ್ಲೋ ಒಂದು ಡಬ್ಬಿಯೊಳಗೆ ಅಡಗಿಕೊಂಡು ಚೀಟಿ ಕೊಡುತ್ತಾನೆ. ಓದಿದ ಮೇಲೆ ಚೀಟಿ ತಾನಾಗಿ ಸಿಡಿಯುತ್ತದೆ ಎಂದು ಅದರಲ್ಲೇ ಬರೆದಿರುತ್ತದೆ, ಗ್ಯಾಜೆಟ್ ಅದನ್ನೂ ಗಟ್ಟಿಯಾಗಿ ಓದುತ್ತಾನೆ. ಆಮೇಲೆ ಉಂಡೆ ಕಟ್ಟಿ ಹಿಂದಕ್ಕೆಸೆದು ಹೊರಟುಬಿಡುತ್ತಾನೆ. ಉಂಡೆ ಚೀಫ್ ಹತ್ತಿರವೇ ಬಂದು ಬೀಳುತ್ತದೆ. ಸ್ಫೋಟಕ್ಕೆ ಮುಂಚಿನ ಆ ಒಂದು ಕ್ಷಣ, ಚೀಫ್‌ನ ಮುಖ: ನಗು ಇರುವುದು ಅಲ್ಲಿ. ಢಮಾರ್ ಎನ್ನುವುದು ಬರೀ ಚುಕ್ತಾ.

ಹಳೆಯ ಕಾಲದ ಎಡವಟ್ಟು ಪತ್ತೇದಾರರಿಗೂ ಇವನಿಗೂ ಇಲ್ಲೇ ವ್ಯತ್ಯಾಸ. 1965ರಿಂದ 1969ರವರೆಗೆ ಡಿಪಾಟಿ-ಫ್ರೆಲೆಂಗ್ ಎಂಬ ಕಾರ್ಟೂನ್ ಸಂಸ್ಥೆ ‘ದಿ ಇನ್‌ಸ್ಪೆಕ್ಟರ್’ ಹೆಸರಿನಲ್ಲಿ 34 ಕಿರುಚಿತ್ರ ತೆಗೆಯಿತು. ‘ಪಿಂಕ್ ಪ್ಯಾಂಥರ್’ ಸಿನಿಮಾಗಳ ಎಡವಟ್ಟು ಪೊಲೀಸ್ ಇನ್‌ಸ್ಪೆಕ್ಟರ್ ಕ್ಲೂಸೋನ ನೆರಳಿನಲ್ಲಿ ಹುಟ್ಟಿದ ಆ ಪ್ಯಾರಿಸ್ ಪೊಲೀಸನ ಮೈಮೇಲೆ ಎಲ್ಲವೂ ಬೀಳುತ್ತಿತ್ತು. ಮಸಿ ಹಿಡಿದ ಮುಖ ಅವನದೇ. ಗ್ಯಾಜೆಟ್‌ಗೆ ಏನೂ ಆಗುವುದಿಲ್ಲ. ಬಿದ್ದರೆ ಕೋಟು ಬಲೂನಿನಂತೆ ಉಬ್ಬುತ್ತದೆ, ಕಾಲು ಸ್ಪ್ರಿಂಗ್ ಆಗುತ್ತದೆ. ಪೆಟ್ಟು ಸುತ್ತಲಿನವರಿಗೆ. (ಇವನಿಗೂ ಮೊದಲ ಕಂತಿನಲ್ಲಿ ಮೀಸೆ ಇತ್ತು. ಕ್ಲೂಸೋನನ್ನು ತೀರಾ ಹೋಲುತ್ತಾನೆಂಬ ತಕರಾರು ಬಂದು ಬೋಳಿಸಿದರು. ನನ್ನ ಕೇಳಿದರೆ ಒಳ್ಳೆಯದೇ ಆಯಿತು, ಮೀಸೆ ಇಲ್ಲದ ಮುಖದಲ್ಲಿ ಮುಗ್ಧತೆ ಜಾಸ್ತಿ.)

ಇನ್ನು ಬ್ರೈನ್‌ನ ಪಾಡು. ಯಜಮಾನನನ್ನು ಕಾಪಾಡಲು ಅದು ವೇಷ ಹಾಕಿಕೊಂಡು ಬಂದರೆ, ಗ್ಯಾಜೆಟ್‌ಗೆ ಅದೇ ಶತ್ರುವಿನ ಏಜೆಂಟ್. ನಿಜವಾದ ಏಜೆಂಟ್ ಎದುರು ನಿಂತರೆ ‘ಪಾಪ, ಒಳ್ಳೆಯ ಮನುಷ್ಯ’. ನಾಯಿಯನ್ನು ಅಟ್ಟಿಸಿಕೊಂಡು ಹೋಗುವಾಗ ‘ಗೋ ಗೋ ಗ್ಯಾಜೆಟ್’ ಎಂದು ಒಂದು ಸಾಧನ ಕರೆಯುತ್ತಾನೆ, ಟೋಪಿಯಿಂದ ಇನ್ನೊಂದು ಬರುತ್ತದೆ, ಅದು ಹೋಗಿ ನಿಜವಾದ ಕೇಡಿಗೆ ಬಡಿಯುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತೀವಲ್ಲ, ಈ ಕಾಗೆಯೋ ಪ್ರತಿ ಕಂತಿನಲ್ಲೂ ತಪ್ಪದೆ ಬಂದು ಕೂರುತ್ತದೆ.

ದಡ್ಡನ ದಡ್ಡತನವಷ್ಟೇ ಆಗಿದ್ದರೆ ನಾಲ್ಕು ಕಂತಿಗೆ ಸಾಕಾಗುತ್ತಿತ್ತು. 1983ರಲ್ಲಿ ಶುರುವಾದ ಈ ಸರಣಿ 86 ಕಂತು ಎಳೆದದ್ದು ಅವನ ಆತ್ಮವಿಶ್ವಾಸದ ಮೇಲೆ. ಅದಕ್ಕೆ ದನಿ ಕೊಟ್ಟವರು ಡಾನ್ ಆ್ಯಡಮ್ಸ್. 1965ರಲ್ಲಿ ಆರಂಭವಾದ ‘ಗೆಟ್ ಸ್ಮಾರ್ಟ್’ ಎಂಬ ಟಿವಿ ಸರಣಿಯಲ್ಲಿ ಬೂಟಿನೊಳಗಿನ ಫೋನಿನಲ್ಲಿ ಮಾತಾಡುತ್ತಿದ್ದ ಪೆದ್ದು ಗೂಢಚಾರ ಅವರೇ. ಮೂಗಿನಿಂದ ಬರುವ ಆ ಗತ್ತಿನ ಸ್ವರದಲ್ಲಿ ಅನುಮಾನದ ಸುಳಿವೇ ಇಲ್ಲ. ಎಲ್ಲವನ್ನೂ ತಪ್ಪಾಗಿ ಅರ್ಥ ಮಾಡಿಕೊಂಡವನು ಎಲ್ಲ ಅರ್ಥವಾದವನ ಹಾಗೆ ಮಾತಾಡುತ್ತಾನೆ. ಇಂಥವರು ನಮ್ಮ ನಿಮ್ಮ ಆಫೀಸಿನಲ್ಲೂ ಒಬ್ಬಿಬ್ಬರು ಇದ್ದಾರು.

ಮಕ್ಕಳಿಗೆ ಇಷ್ಟವಾಗಲು ಬೇರೆ ಕಾರಣವೂ ಇದೆ, ಅದು ಪೆನ್ನಿ. ಅವಳು ಅವನನ್ನು ‘ಅಂಕಲ್’ ಅನ್ನುತ್ತಾಳೆ. ಚಿಕ್ಕಪ್ಪನೋ ಸೋದರಮಾವನೋ, ಇಂಗ್ಲಿಷಿಗೆ ಅದರ ಗೊಡವೆಯಿಲ್ಲ. ಅವಳ ಕೈಯಲ್ಲಿ ಪುಸ್ತಕದಂತೆ ತೆರೆಯುವ ಕಂಪ್ಯೂಟರ್, ಮಣಿಕಟ್ಟಿನಲ್ಲಿ ಬ್ರೈನ್ ಜೊತೆ ಮಾತಾಡುವ ಗಡಿಯಾರ. ದೊಡ್ಡವರ ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸುವ ಹುಡುಗಿ, ಶಹಬ್ಬಾಸ್ ಸಿಗದಿದ್ದರೂ ಮುನಿಸಿಕೊಳ್ಳುವುದಿಲ್ಲ. ಅವಳಿಗೆ ಅಂಕಲ್ ಎಂದರೆ ಪ್ರೀತಿ, ಆದ್ದರಿಂದ ನಮಗೂ ಅವನ ಮೇಲೆ ಸಿಟ್ಟು ಬರುವುದಿಲ್ಲ. ಸಿಟ್ಟೆಲ್ಲ ಕೇಡಿಗಳ ನಾಯಕ ಡಾಕ್ಟರ್ ಕ್ಲಾ ಮೇಲೆ: ಕುರ್ಚಿಯ ಹಿಂದೆ ಮುಖ ಮರೆಸಿಕೊಂಡು, ಪಕ್ಕದಲ್ಲಿ ಬೆಕ್ಕು ಕೂರಿಸಿಕೊಂಡು, ಲೋಹದ ಮುಷ್ಟಿಯಲ್ಲಿ ಮೇಜು ಗುದ್ದುವವನು. ತಾನು ಸೋತದ್ದು ಇಂಥವನ ಕೈಯಲ್ಲಿ ಎಂಬ ಅವನ ಸಂಕಟವೂ ಒಂದು ತಮಾಷೆಯೇ.

ಕಥೆ ಮುಗಿದ ಮೇಲೆ ಒಂದು ಪುಟ್ಟ ತುಣುಕು ಬರುತ್ತಿತ್ತು, ನೋಡಿದ್ದೀರಾ? ಮಕ್ಕಳೇ, ಹುಷಾರಾಗಿರಿ ಎಂದು ಸುರಕ್ಷತೆಯ ಪಾಠ. ಹೇಳುವವನು ಗ್ಯಾಜೆಟ್! ಕಂತಿನಲ್ಲಿ ನನಗೆ ಅತಿ ಹೆಚ್ಚು ನಗು ಬರುವುದು ಅಲ್ಲೇ.